ಒಂದು ಕೇಂದ್ರ, ಎರಡು ಪದ್ಧತಿ: ಅಲೆಕ್ಸಾಂಡ್ರಾ ಪ್ಯಾಲೇಸ್ ದೂರದರ್ಶನ ಕೇಂದ್ರದ ಇತಿಹಾಸ

1936ರ ನವೆಂಬರ್ 2, ಸೋಮವಾರ ಮಧ್ಯಾಹ್ನ 3 ಗಂಟೆಗೆ ಉತ್ತರ ಲಂಡನ್ನಿನ ಗುಡ್ಡವೊಂದರ ಮೇಲಿರುವ ಅಲೆಕ್ಸಾಂಡ್ರಾ ಪ್ಯಾಲೇಸ್ ಕಟ್ಟಡದಲ್ಲಿ ಒಂದು ಉದ್ಘಾಟನಾ ಸಮಾರಂಭ ಏರ್ಪಟ್ಟಿತ್ತು. ಬಿ.ಬಿ.ಸಿ.ಯ ಅಧ್ಯಕ್ಷ ಆರ್.ಸಿ. ನಾರ್ಮನ್, ಅಂಚೆ ಖಾತೆಯ ಸಚಿವ ಮೇಜರ್ ಟ್ರಯನ್ ಹಾಗೂ ಲಾರ್ಡ್ ಸೆಲ್ಸ್‌ಡನ್ ಅವರು ಸಮಾರಂಭದ ಗಣ್ಯರು. ಭಾಷಣಗಳು ಮುಗಿದ ತರುವಾಯ ಇವರೆಲ್ಲರೂ ಇನ್ನೊಂದು ಸ್ಟುಡಿಯೋಗೆ ತೆರಳಿ, ಅದೇ ಸಮಾರಂಭವನ್ನು ಎರಡನೆಯ ಬಾರಿ ನಡೆಸಿಕೊಟ್ಟರು. ಮೊದಲನೆಯದನ್ನು ಬೇರ್ಡ್ ಕಂಪನಿಯ ಯಂತ್ರಗಳು ಪ್ರಸಾರ ಮಾಡಿದರೆ, ಎರಡನೆಯದನ್ನು ಮಾರ್ಕೋನಿ-ಇ.ಎಂ.ಐ. ಕಂಪನಿಯ ಯಂತ್ರಗಳು ಪ್ರಸಾರ ಮಾಡಿದವು. ಯಾರು ಮೊದಲು ಎಂಬುದನ್ನು ನಾಣ್ಯ ಚಿಮ್ಮಿ ನಿರ್ಧರಿಸಲಾಗಿತ್ತು.

ಒಂದೇ ಕೇಂದ್ರದಲ್ಲಿ ಪರಸ್ಪರ ಹೊಂದಿಕೆಯಾಗದ ಎರಡು ಪದ್ಧತಿಗಳನ್ನು ಸಾರ್ವಜನಿಕರ ಕಣ್ಣೆದುರಿಗೇ ಸ್ಪರ್ಧೆಗೆ ಬಿಟ್ಟ ಈ ಏರ್ಪಾಡು ಔದ್ಯಮಿಕ ಇತಿಹಾಸದಲ್ಲಿ ಅಪರೂಪವಾದುದು. ತಾಂತ್ರಿಕ ಮಾನಕವೊಂದನ್ನು ಗೊತ್ತುಪಡಿಸುವ ಹೊಣೆ ಯಾರದು, ಅದು ನಿಶ್ಚಯವಾಗುವವರೆಗೆ ತಯಾರಕನೂ ಗ್ರಾಹಕನೂ ಏನು ಮಾಡಬೇಕು, ಒಮ್ಮೆ ನಿಶ್ಚಯವಾದುದನ್ನು ಎಷ್ಟು ಕಾಲ ಉಳಿಸಿಕೊಳ್ಳಬೇಕು ಎಂಬ ಮೂರು ಪ್ರಶ್ನೆಗಳಿಗೂ ಈ ಕೇಂದ್ರದ ಚರಿತ್ರೆಯಲ್ಲಿ ಉತ್ತರವಿದೆ. ಆದಕಾರಣ ಅದನ್ನು ತಂತ್ರಜ್ಞರಷ್ಟೇ ಅಲ್ಲದೆ ವರ್ತಕರೂ ಅಭ್ಯಸಿಸುವುದು ಉಚಿತ.

ಸೆಲ್ಸ್‌ಡನ್ ಸಮಿತಿಯ ವರದಿ

ಸ್ಕಾಟ್ಲೆಂಡಿನ ಜಾನ್ ಲೋಗಿ ಬೇರ್ಡ್ ಅವರು 1926ರ ಜನವರಿ 26ರಂದು ಲಂಡನ್ನಿನ ಸೋಹೋ ಪ್ರದೇಶದ ಫ್ರಿತ್ ಬೀದಿಯ ಮಹಡಿಯೊಂದರಲ್ಲಿ ವಿದ್ವಾಂಸರ ಎದುರು ದೂರದರ್ಶನವನ್ನು ಪ್ರದರ್ಶಿಸಿದ್ದರು. ತಿರುಗುವ ತಟ್ಟೆಯ ರಂಧ್ರಗಳ ಮೂಲಕ ದೃಶ್ಯವನ್ನು ಗೆರೆಗೆರೆಯಾಗಿ ಬಿಡಿಸುವ ಅವರ ವಿಧಾನದಲ್ಲಿ ಚಿತ್ರವೊಂದಕ್ಕೆ ಕೇವಲ 30 ಗೆರೆಗಳಿದ್ದವು. 1929ರಿಂದ 1935ರವರೆಗೆ ಬಿ.ಬಿ.ಸಿ.ಯ ಸಾಮಾನ್ಯ ರೇಡಿಯೋ ಪ್ರೇಷಕಗಳ ಮೂಲಕವೇ ಈ 30 ಗೆರೆಗಳ ಚಿತ್ರ ಪ್ರಸಾರವಾಯಿತು. ಮುಖವೊಂದನ್ನು ಗುರುತಿಸಬಹುದಾಗಿತ್ತು, ನಾಟಕವನ್ನೋ ಕ್ರೀಡೆಯನ್ನೋ ಆಸ್ವಾದಿಸುವುದು ಸಾಧ್ಯವಿರಲಿಲ್ಲ.

ಅತ್ತ 1931ರಲ್ಲಿ ಎಚ್.ಎಂ.ವಿ. ಮತ್ತು ಕೊಲಂಬಿಯಾ ಗ್ರಾಮಫೋನ್ ಸಂಸ್ಥೆಗಳು ವಿಲೀನಗೊಂಡು ಇ.ಎಂ.ಐ. ಎಂಬ ಕಂಪನಿ ಹುಟ್ಟಿಕೊಂಡಿತು. ಆರ್ಥಿಕ ಮುಗ್ಗಟ್ಟಿನ ಆ ವರ್ಷಗಳಲ್ಲಿ ಗ್ರಾಮಫೋನ್ ತಟ್ಟೆಗಳ ವ್ಯಾಪಾರ ಕುಸಿದಿದ್ದರೂ ಈ ಕಂಪನಿಯು ಸಂಶೋಧನೆಗೆ ಹಣ ತೊಡಗಿಸುವುದನ್ನು ನಿಲ್ಲಿಸಲಿಲ್ಲ. ರಷ್ಯನ್ ಸಾಮ್ರಾಜ್ಯದ ಪಿನ್ಸ್ಕ್ ಪಟ್ಟಣದಲ್ಲಿ ಜನಿಸಿದ ಐಸಾಕ್ ಶೋನ್‌ಬರ್ಗ್ ಅವರ ನೇತೃತ್ವದಲ್ಲಿ ಅಲನ್ ಬ್ಲಮ್‌ಲೈನ್, ಜೇಮ್ಸ್ ಮೆಕ್‌ಗೀ ಮೊದಲಾದ ತರುಣ ಇಂಜಿನಿಯರುಗಳ ತಂಡವು ತಿರುಗುವ ಭಾಗಗಳೇ ಇಲ್ಲದ, ಸಂಪೂರ್ಣ ಎಲೆಕ್ಟ್ರಾನಿಕ್ ಪದ್ಧತಿಯನ್ನು ರೂಪಿಸತೊಡಗಿತು. ಪ್ರೇಷಕಗಳ ನಿರ್ಮಾಣದಲ್ಲಿ ಪರಿಣತವಾಗಿದ್ದ ಮಾರ್ಕೋನಿ ಸಂಸ್ಥೆಯೊಡನೆ ಕೂಡಿ 1934ರಲ್ಲಿ ಮಾರ್ಕೋನಿ-ಇ.ಎಂ.ಐ. ಟೆಲಿವಿಷನ್ ಕಂಪನಿ ಸ್ಥಾಪನೆಯಾಯಿತು. ಬೇರ್ಡ್ ಕಂಪನಿಯ ಬೆನ್ನಿಗೆ ಗೋಮಾಂಟ್-ಬ್ರಿಟಿಷ್ ಎಂಬ ಚಲನಚಿತ್ರ ಸಂಸ್ಥೆಯ ಬಂಡವಾಳವಿತ್ತು. ಎರಡು ಕಡೆಯೂ ಹಣವಿತ್ತು, ಪೇಟೆಂಟುಗಳಿದ್ದವು, ಹಟವೂ ಇತ್ತು.

1934ರ ಮೇ ತಿಂಗಳಲ್ಲಿ ಸರ್ಕಾರವು ಮಾಜಿ ಅಂಚೆ ಸಚಿವ ಲಾರ್ಡ್ ಸೆಲ್ಸ್‌ಡನ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. 1935ರ ಜನವರಿ ಅಂತ್ಯದಲ್ಲಿ ಪ್ರಕಟವಾದ ಅದರ ವರದಿ ವ್ಯವಹಾರಜ್ಞಾನಕ್ಕೆ ಮಾದರಿಯಾದ ದಾಖಲೆ. ದೂರದರ್ಶನದ ಹೊಣೆಯನ್ನು ಬಿ.ಬಿ.ಸಿ.ಗೇ ಒಪ್ಪಿಸತಕ್ಕದ್ದು, ಲಂಡನ್ನಿನಲ್ಲಿ ಒಂದು ಕೇಂದ್ರವನ್ನು ತೆರೆದು ಎರಡೂ ಕಂಪನಿಗಳ ಪದ್ಧತಿಗಳನ್ನು ಸರದಿಯಂತೆ ಪರೀಕ್ಷಿಸತಕ್ಕದ್ದು, ಚಿತ್ರಕ್ಕೆ ಕನಿಷ್ಠ 240 ಗೆರೆಗಳು, ಸೆಕೆಂಡಿಗೆ ಕನಿಷ್ಠ 25 ಚಿತ್ರಗಳಿರತಕ್ಕದ್ದು ಎಂದು ಸಮಿತಿ ಶಿಫಾರಸು ಮಾಡಿತು. ನೇರ ಜಾಹೀರಾತುಗಳಿಗೆ ಅವಕಾಶ ಕೂಡದೆಂದೂ ಹೇಳಿತು. 1936ರ ಡಿಸೆಂಬರ್ ಅಂತ್ಯದವರೆಗಿನ ಸ್ಥಾಪನಾ ಮತ್ತು ನಿರ್ವಹಣಾ ವೆಚ್ಚವನ್ನು 1,80,000 ಪೌಂಡುಗಳೆಂದು ಅಂದಾಜಿಸಿ, ರೇಡಿಯೋ ಪರವಾನಗಿಯ 10 ಶಿಲಿಂಗ್ ಶುಲ್ಕದಿಂದ ಬರುವ ಆದಾಯದಲ್ಲಿಯೇ ಅದನ್ನು ಭರಿಸಬೇಕೆಂದು ಸೂಚಿಸಿತು.

ಇವೆಲ್ಲಕ್ಕಿಂತ ವರ್ತಕರು ಗಮನಿಸಬೇಕಾದ ಅಂಶ ಇನ್ನೊಂದಿದೆ. ಪರೀಕ್ಷೆಗೆ ಒಳಗಾಗುವ ಕಂಪನಿಯು ಯಾವುದೇ ಜವಾಬ್ದಾರಿಯುತ ತಯಾರಕನಿಗೆ ಸೂಕ್ತ ರಾಯಧನದ ಮೇಲೆ ತನ್ನ ಪೇಟೆಂಟುಗಳನ್ನು ಬಳಸಿ ಗ್ರಾಹಕಯಂತ್ರಗಳನ್ನು, ಎಂದರೆ ಟಿ.ವಿ. ಸೆಟ್ಟುಗಳನ್ನು, ತಯಾರಿಸಲು ಅನುಮತಿ ಕೊಡಲೇಬೇಕೆಂಬ ಷರತ್ತನ್ನು ಸಮಿತಿ ಮುಂದಿಟ್ಟಿತು. ಪ್ರಸಾರದ ಪದ್ಧತಿ ಒಬ್ಬರದಾದರೂ ಸೆಟ್ಟಿನ ಮಾರುಕಟ್ಟೆ ಎಲ್ಲರಿಗೂ ತೆರೆದಿರಬೇಕೆಂಬುದು ಇದರ ಆಶಯ. ಈ ಒಂದು ಷರತ್ತು ಇಲ್ಲದಿದ್ದಲ್ಲಿ ಬ್ರಿಟನ್ನಿನ ರೇಡಿಯೋ ಉದ್ಯಮದ ಹತ್ತಾರು ತಯಾರಕರು ಸ್ಪರ್ಧೆಯಿಂದ ಹೊರಗುಳಿಯುತ್ತಿದ್ದರೆಂದು ಊಹಿಸುವುದು ಕಷ್ಟವಲ್ಲ.

ಗುಡ್ಡದ ಮೇಲಿನ ಕಟ್ಟಡ

ಹೆಸರಿನಲ್ಲಿ ಅರಮನೆಯಿದ್ದರೂ ಅಲೆಕ್ಸಾಂಡ್ರಾ ಪ್ಯಾಲೇಸ್ ರಾಜನಿವಾಸವಲ್ಲ. ಅದು ಸಾರ್ವಜನಿಕರ ಮನರಂಜನೆಗಾಗಿ ಕಟ್ಟಿದ ಭವನ. 1873ರ ಮೇ 24ರಂದು ತೆರೆದ ಕಟ್ಟಡವು ಹದಿನಾರು ದಿನಗಳಲ್ಲಿಯೇ ಬೆಂಕಿಗೆ ಆಹುತಿಯಾಗಿ, ಮರಳಿ ಕಟ್ಟಲ್ಪಟ್ಟು 1875ರಲ್ಲಿ ಪುನಃ ತೆರೆಯಿತು. ಬಿ.ಬಿ.ಸಿ. ಸಂಸ್ಥೆಯು 1935ರಲ್ಲಿ ಇದರ ಪೂರ್ವಭಾಗವನ್ನು ಗುತ್ತಿಗೆಗೆ ಪಡೆದುದಕ್ಕೆ ಕಾರಣ ಅದರ ಎತ್ತರ.

ಧ್ವನಿಯನ್ನಷ್ಟೇ ಕಳುಹಿಸುವ ರೇಡಿಯೋಗೆ ಕೆಲವೇ ಸಾವಿರ ಆವರ್ತಗಳಷ್ಟು ಅಗಲದ ಪಟ್ಟಿ ಸಾಕಾಗುತ್ತದೆ. ನೂರಾರು ಗೆರೆಗಳ ಚಿತ್ರವನ್ನು ಸೆಕೆಂಡಿಗೆ 25 ಬಾರಿ ಕಳುಹಿಸಬೇಕಾದರೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಆವರ್ತಗಳ ಪಟ್ಟಿ ಬೇಕು. ಅಷ್ಟು ಜಾಗ ದೊರೆಯುವುದು ಅತಿ ಹ್ರಸ್ವ ತರಂಗಗಳಲ್ಲಿ ಮಾತ್ರ. ಆದರೆ ಆ ತರಂಗಗಳು ಹೆಚ್ಚುಕಡಿಮೆ ಬೆಳಕಿನಂತೆ ನೇರವಾಗಿ ಸಾಗುವುದರಿಂದ ಕಣ್ಣೋಟದ ಅಂಚನ್ನು ದಾಟಿ ಬಹುದೂರ ಹೋಗಲಾರವು. ಹೀಗಾಗಿ ಆಂಟೆನಾ ಎಷ್ಟು ಎತ್ತರವೋ ಮಾರುಕಟ್ಟೆ ಅಷ್ಟು ವಿಸ್ತಾರ. ಗುಡ್ಡವೇ ಸಮುದ್ರಮಟ್ಟದಿಂದ ಸುಮಾರು 300 ಅಡಿ ಎತ್ತರದಲ್ಲಿತ್ತು. ಕಟ್ಟಡದ ಗೋಪುರದ ಮೇಲೆ ಉಕ್ಕಿನ ಜಾಲರಿಯ ಕಂಬವನ್ನು ನಿಲ್ಲಿಸಿದಾಗ ಅದರ ತುದಿ ಸಮುದ್ರಮಟ್ಟದಿಂದ 600 ಅಡಿಗಳನ್ನು ಮೀರಿತು. ಆಂಟೆನಾದ ವಿನ್ಯಾಸ ಮಾರ್ಕೋನಿ ಸಂಸ್ಥೆಯ ಸಿ.ಎಸ್. ಫ್ರಾಂಕ್ಲಿನ್ ಅವರದು. ಚಿತ್ರವು 45 ಮೆಗಾಹರ್ಟ್ಸ್‌ನಲ್ಲಿಯೂ ಧ್ವನಿಯು 41.5 ಮೆಗಾಹರ್ಟ್ಸ್‌ನಲ್ಲಿಯೂ ಪ್ರಸಾರವಾಗುತ್ತಿದ್ದವು. ಚಿತ್ರಪ್ರೇಷಕದ ಗರಿಷ್ಠ ಶಕ್ತಿ 17 ಕಿಲೋವ್ಯಾಟ್. ಸುಮಾರು 25 ಮೈಲಿಗಳ ವ್ಯಾಪ್ತಿಯನ್ನು ನಿರೀಕ್ಷಿಸಲಾಗಿತ್ತು. ಅದರಾಚೆಗೂ ಚಿತ್ರ ದೊರೆಯುತ್ತಿದ್ದುದು ಅನಂತರ ಕಂಡುಬಂದಿತು.

ಎರಡು ಸ್ಟುಡಿಯೋಗಳು

ಎರಡೂ ಕಂಪನಿಗಳಿಗೆ 70 ಅಡಿ ಉದ್ದ, 30 ಅಡಿ ಅಗಲದ ಒಂದೊಂದು ಸ್ಟುಡಿಯೋ ದೊರೆಯಿತು. ಅಳತೆ ಒಂದೇ ಆದರೂ ಒಳಗಿನ ಕೆಲಸದಲ್ಲಿ ಅಜಗಜಾಂತರವಿತ್ತು.

ಬೇರ್ಡ್ ಕಂಪನಿಯದು 240 ಗೆರೆಗಳ ಪದ್ಧತಿ. ಅದರ ಮುಖ್ಯ ಸಾಧನ ಒಂದು ಚಲನಚಿತ್ರ ಕ್ಯಾಮೆರಾ. ಅದು ದೃಶ್ಯವನ್ನು ಫಿಲ್ಮಿನ ಮೇಲೆ ಸೆರೆಹಿಡಿಯುತ್ತಿತ್ತು. ಫಿಲ್ಮು ನೇರವಾಗಿ ಕೆಳಗಿನ ರಾಸಾಯನಿಕ ತೊಟ್ಟಿಗಳಿಗೆ ಇಳಿದು, ಸುಮಾರು ಒಂದು ನಿಮಿಷದೊಳಗೆ ಸಂಸ್ಕರಣಗೊಂಡು, ಇನ್ನೂ ಒದ್ದೆಯಾಗಿರುವಾಗಲೇ ಗೆರೆಗಳಾಗಿ ಬಿಡಿಸಲ್ಪಟ್ಟು ಪ್ರಸಾರವಾಗುತ್ತಿತ್ತು. ಬೇಗ ಸಂಸ್ಕರಿಸಲೆಂದು ಸಯನೈಡನ್ನು ಬಳಸಲಾಗುತ್ತಿತ್ತು. ತೊಟ್ಟಿ, ಕೊಳವೆಗಳಿಗೆ ಬಿಗಿದುಕೊಂಡ ಈ ಕ್ಯಾಮೆರಾವನ್ನು ಸ್ಥಳದಿಂದ ಕದಲಿಸುವಂತಿರಲಿಲ್ಲ. ನಿರೂಪಕರಿಗಾಗಿ ಬೇರೊಂದು ಕತ್ತಲೆಯ ಕೋಣೆಯಿತ್ತು; ಅಲ್ಲಿ ಚಲಿಸುವ ಬೆಳಕಿನ ಚುಕ್ಕೆಯೊಂದು ಅವರ ಮುಖದ ಮೇಲೆ ಹರಿದಾಡುತ್ತಿತ್ತು. ಅಮೆರಿಕದ ಫಾರ್ನ್ಸ್‌ವರ್ತ್ ಅವರ ಎಲೆಕ್ಟ್ರಾನಿಕ್ ಕ್ಯಾಮೆರಾವನ್ನೂ ಕಂಪನಿ ತರಿಸಿಕೊಂಡಿತ್ತಾದರೂ ಅದಕ್ಕೆ ವಿಪರೀತ ಬೆಳಕು ಬೇಕಾಗುತ್ತಿತ್ತು.

ಮಾರ್ಕೋನಿ-ಇ.ಎಂ.ಐ. ಸ್ಟುಡಿಯೋದಲ್ಲಿ ಎಮಿಟ್ರಾನ್ ಎಂಬ ಕ್ಯಾಮೆರಾಗಳಿದ್ದವು. ಇವುಗಳನ್ನು ತಳ್ಳುಬಂಡಿಯ ಮೇಲೆ ಅತ್ತಿತ್ತ ಒಯ್ಯಬಹುದಾಗಿತ್ತು. ಒಂದರಿಂದ ಇನ್ನೊಂದಕ್ಕೆ ದೃಶ್ಯವನ್ನು ಬದಲಿಸಬಹುದಾಗಿತ್ತು. ನಡೆಯುತ್ತಿರುವುದು ನಡೆಯುತ್ತಿರುವಾಗಲೇ ವೀಕ್ಷಕನಿಗೆ ತಲುಪುತ್ತಿತ್ತು. ಇದರ ಜೊತೆಗೆ ಶೋನ್‌ಬರ್ಗ್ ಅವರು 1935ರ ಆರಂಭದಲ್ಲಿ ಧೈರ್ಯದ ನಿರ್ಧಾರವೊಂದನ್ನು ಕೈಗೊಂಡಿದ್ದರು. ಸಮಿತಿ ಕೇಳಿದ್ದು 240 ಗೆರೆ. ಅವರ ತಂಡ ಅದುವರೆಗೆ ಸಾಧಿಸಿ ತೋರಿಸಿದ್ದುದು 243 ಗೆರೆ. ಆದರೆ ಅವರು ವಾಗ್ದಾನ ಮಾಡಿದ್ದು 405 ಗೆರೆಗಳನ್ನು. ಜೊತೆಗೆ, ಮೊದಲು ಬೆಸ ಗೆರೆಗಳು, ಅನಂತರ ಸಮ ಗೆರೆಗಳು ಎಂಬ ಹೆಣಿಗೆಯ ಕ್ರಮದಿಂದ ಪರದೆಯನ್ನು ಸೆಕೆಂಡಿಗೆ 50 ಬಾರಿ ಬೆಳಗಿಸಿ, ಬೇರ್ಡ್ ಚಿತ್ರದಲ್ಲಿ ಕಣ್ಣಿಗೆ ಬಾಧಿಸುತ್ತಿದ್ದ ಮಿಣುಕನ್ನು ನಿವಾರಿಸಿದರು. 405 ಎಂಬ ಸಂಖ್ಯೆ ವಿಚಿತ್ರವಾಗಿ ತೋರಬಹುದು. ಅಂದಿನ ಸರ್ಕ್ಯೂಟುಗಳಿಗೆ ಚಿಕ್ಕ ಬೆಸ ಸಂಖ್ಯೆಗಳಿಂದ ಭಾಗಿಸುವುದು ಸುಲಭವಾಗಿತ್ತು. ನಾಲ್ಕು ಮೂರುಗಳನ್ನು ಒಂದಕ್ಕೊಂದು ಗುಣಿಸಿ, ಬಂದುದನ್ನು ಐದರಿಂದ ಗುಣಿಸಿದರೆ ಬರುವುದೇ 405.

ಯೋಜಿಸಿದ ದಿನಾಂಕಕ್ಕಿಂತ ಮುಂಚೆಯೇ, 1936ರ ಆಗಸ್ಟ್ 26ರಂದು, ರೇಡಿಯೋ ತಯಾರಕರ ವಾರ್ಷಿಕ ಪ್ರದರ್ಶನವಾದ ರೇಡಿಯೋಲಿಂಪಿಯಾಕ್ಕಾಗಿ ಈ ಕೇಂದ್ರದಿಂದ ಪ್ರಾಯೋಗಿಕ ಕಾರ್ಯಕ್ರಮ ಪ್ರಸಾರವಾಯಿತು. ಸಿಸಿಲ್ ಮ್ಯಾಡನ್ ಅವರು ಅದನ್ನು ಅತ್ಯಲ್ಪ ಅವಧಿಯಲ್ಲಿ ಸಿದ್ಧಪಡಿಸಿದರು. ಪ್ರಸಾರದ ಮೊದಲ ಪರೀಕ್ಷೆ ನಡೆದದ್ದು ವ್ಯಾಪಾರ ಮೇಳವೊಂದರ ಅಗತ್ಯಕ್ಕಾಗಿ ಎಂಬುದು ಸ್ವಾರಸ್ಯಕರ.

ಗ್ರಾಹಕನ ಸಂದಿಗ್ಧ

ನವೆಂಬರಿನಿಂದ ಎರಡೂ ಪದ್ಧತಿಗಳು ವಾರಕ್ಕೊಂದರಂತೆ ಸರದಿಯಲ್ಲಿ ಪ್ರಸಾರವಾದವು. ಮಧ್ಯಾಹ್ನ ಒಂದು ಗಂಟೆ, ರಾತ್ರಿ ಒಂದು ಗಂಟೆ, ಭಾನುವಾರ ರಜೆ. ಈ ಎರಡು ಗಂಟೆಗಳ ಕಾರ್ಯಕ್ರಮಕ್ಕಾಗಿ ಸೆಟ್ಟಿನ ಬೆಲೆ ಸುಮಾರು 100 ಗಿನಿಗಳಷ್ಟಿತ್ತು. ಒಂದು ಗಿನಿಯೆಂದರೆ 21 ಶಿಲಿಂಗ್, ಅಂದರೆ ಒಂದು ಪೌಂಡಿಗಿಂತ ಒಂದು ಶಿಲಿಂಗ್ ಹೆಚ್ಚು. ಅದೇ ಕಾಲದಲ್ಲಿ ಫೋರ್ಡ್ ಕಂಪನಿಯ ಚಿಕ್ಕ ಮೋಟಾರು ಕಾರು 100 ಪೌಂಡುಗಳಿಗೆ ದೊರೆಯುತ್ತಿತ್ತು.

ಬೆಲೆಗಿಂತಲೂ ಗ್ರಾಹಕನನ್ನು ಹಿಂಜರಿಯುವಂತೆ ಮಾಡಿದ್ದು ಅನಿಶ್ಚಿತತೆ. 240 ಗೆರೆಗಳನ್ನೂ 405 ಗೆರೆಗಳನ್ನೂ ಸ್ವೀಕರಿಸಲು ಸೆಟ್ಟಿನಲ್ಲಿ ಎರಡೂ ಬಗೆಯ ಸರ್ಕ್ಯೂಟುಗಳಿದ್ದು, ಸ್ವಿಚ್ಚಿನಿಂದ ಬದಲಿಸಬೇಕಾಗಿತ್ತು. ಕೆಲವೇ ತಿಂಗಳುಗಳಲ್ಲಿ ಇವುಗಳಲ್ಲೊಂದು ನಿರುಪಯುಕ್ತವಾಗುವುದೆಂದು ತಯಾರಕನಿಗೂ ಗೊತ್ತು, ಗ್ರಾಹಕನಿಗೂ ಗೊತ್ತು. ಮೂರನೆಯ ಪದ್ಧತಿ ಬಂದರೆ ಗತಿಯೇನೆಂಬ ಭಯ ಬೇರೆ. ಕಾದು ನೋಡುವುದೇ ಜಾಣತನವೆಂದು ಜನರು ಭಾವಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆರಂಭದ ತಿಂಗಳುಗಳಲ್ಲಿ ಮಾರಾಟವಾದದ್ದು ಕೆಲವೇ ನೂರು ಸೆಟ್ಟುಗಳು.

ಪರೀಕ್ಷೆಯ ಫಲಿತಾಂಶ ಬೇಗನೆ ಸ್ಪಷ್ಟವಾಯಿತು. ಇದರ ನಡುವೆ 1936ರ ನವೆಂಬರ್ 30ರ ರಾತ್ರಿ ದಕ್ಷಿಣ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಸುಟ್ಟುಹೋದಾಗ ಅಲ್ಲಿದ್ದ ಬೇರ್ಡ್ ಕಂಪನಿಯ ಪ್ರಯೋಗಾಲಯಗಳೂ ಬೂದಿಯಾದವು. ಆದರೆ ಕಂಪನಿ ಸೋತದ್ದು ಬೆಂಕಿಯಿಂದ ಎನ್ನುವುದು ಸರಿಯಲ್ಲ. ಕದಲದ ಕ್ಯಾಮೆರಾ ಕದಲುವ ಕ್ಯಾಮೆರಾದೆದುರು ಅದಕ್ಕೆ ಮುಂಚೆಯೇ ಸೋತಿತ್ತು. 1937ರ ಫೆಬ್ರವರಿಯಲ್ಲಿ ಮಾರ್ಕೋನಿ-ಇ.ಎಂ.ಐ. ಪದ್ಧತಿಯನ್ನು ಮಾತ್ರ ಮುಂದುವರಿಸುವುದಾಗಿ ಪ್ರಕಟಿಸಲಾಯಿತು.

ಆ ಪ್ರಕಟಣೆಯ ಜೊತೆಗಿದ್ದ ಇನ್ನೊಂದು ಭರವಸೆ ಉದ್ಯಮಕ್ಕೆ ನಿರ್ಣಾಯಕವಾಯಿತು. ಲಂಡನ್ ಕೇಂದ್ರದ ಮಾನಕಗಳನ್ನು 1938ರ ಅಂತ್ಯದವರೆಗೆ ಗಣನೀಯವಾಗಿ ಬದಲಿಸುವುದಿಲ್ಲವೆಂದು ಸಾರಲಾಯಿತು. ಅನಂತರ ಈ ಭರವಸೆಯನ್ನು 1939ರ ಜನವರಿಯಿಂದ ಮತ್ತೆ ಮೂರು ವರ್ಷಗಳಿಗೆ ವಿಸ್ತರಿಸಲಾಯಿತು. ತಯಾರಕರು ಒಂದೇ ಬಗೆಯ ಸರ್ಕ್ಯೂಟಿಗೆ ಗಮನ ಕೊಟ್ಟರು. 1937ರ ವಸಂತದ ವೇಳೆಗೆ ಬೆಲೆಗಳು ತೀವ್ರವಾಗಿ ಇಳಿದವು. ಯುದ್ಧಕ್ಕೆ ಮುಂಚೆ ಚಿಕ್ಕ ಪರದೆಯ ಸೆಟ್ಟುಗಳು 30 ಗಿನಿಗಿಂತ ಕಡಿಮೆಗೆ ದೊರೆಯುವಂತಾದವು. 100 ಗಿನಿಯಿಂದ 30 ಗಿನಿಗೆ ಬೆಲೆ ಇಳಿದದ್ದು ಯಾವುದೋ ಹೊಸ ಆವಿಷ್ಕಾರದಿಂದ ಮಾತ್ರವೇ ಅಲ್ಲ. ನಾಳೆಯೂ ಇದೇ ಮಾನಕ ಇರುತ್ತದೆಂಬ ನಂಬಿಕೆ ಹುಟ್ಟಿದಾಗ ತಯಾರಕನು ಅಚ್ಚುಗಳಿಗೂ ಯಂತ್ರಗಳಿಗೂ ಹಣ ತೊಡಗಿಸಬಲ್ಲವನಾಗುತ್ತಾನೆ.

1937ರ ಮೇ 12ರಂದು ಆರನೆಯ ಜಾರ್ಜ್ ದೊರೆಯ ಪಟ್ಟಾಭಿಷೇಕದ ಮೆರವಣಿಗೆಯನ್ನು ಹೈಡ್ ಪಾರ್ಕ್ ಕಾರ್ನರ್‌ನಿಂದ ಮೂರು ಎಮಿಟ್ರಾನ್ ಕ್ಯಾಮೆರಾಗಳ ಮೂಲಕ ನೇರವಾಗಿ ತೋರಿಸಲಾಯಿತು. ಚಿತ್ರವನ್ನು ಗುಡ್ಡದ ಮೇಲಿನ ಕೇಂದ್ರಕ್ಕೆ ಮುಟ್ಟಿಸಲು ವಿಶೇಷ ಕೇಬಲ್ ಹಾಕಲಾಗಿತ್ತು. ಅದೇ ಬೇಸಿಗೆಯಲ್ಲಿ ವಿಂಬಲ್ಡನ್ ಟೆನಿಸ್ ಬಂದಿತು. ಸೆಟ್ಟುಗಳ ಮಾರಾಟ ಏರತೊಡಗಿ 1939ರ ವೇಳೆಗೆ ಸುಮಾರು 20,000 ತಲುಪಿತು. ದೂರದರ್ಶನಕ್ಕೆ ಪ್ರತ್ಯೇಕ ಪರವಾನಗಿ ಇನ್ನೂ ಇರಲಿಲ್ಲ. ಲಂಡನ್ ಸುತ್ತಲಿನ ಇಪ್ಪತ್ತು ಸಾವಿರ ಮನೆಗಳ ಮನರಂಜನೆಯ ವೆಚ್ಚವನ್ನು ದೇಶದ ಸುಮಾರು 90 ಲಕ್ಷ ರೇಡಿಯೋ ಪರವಾನಗಿದಾರರು ಹೊರುತ್ತಿದ್ದರು. ನ್ಯಾಯದೃಷ್ಟಿಯಿಂದ ಇದು ಪ್ರಶ್ನಾರ್ಹವೇ ಸರಿ. ಆದರೆ ಹೊಸ ಉದ್ಯಮದ ಶೈಶವದಲ್ಲಿ ಯಾರಾದರೊಬ್ಬರು ಹೊರಲೇಬೇಕಾದ ಹೊರೆಯೂ ಹೌದು.

ಯುದ್ಧಕಾಲದ ಮೌನ

1939ರ ಸೆಪ್ಟೆಂಬರ್ 1ರ ಮಧ್ಯಾಹ್ನ, ಮಿಕ್ಕಿ ಮೌಸ್ ವ್ಯಂಗ್ಯಚಿತ್ರವೊಂದು ಪ್ರಸಾರವಾದ ಬಳಿಕ, ಕೇಂದ್ರವನ್ನು ಮುಚ್ಚಲಾಯಿತು. ಅದರ ತರಂಗಗಳು ಶತ್ರುವಿಮಾನಗಳಿಗೆ ದಾರಿದೀಪವಾಗಬಹುದೆಂಬ ಆತಂಕ ಒಂದು ಕಾರಣ. ಇಂಜಿನಿಯರುಗಳು ರೇಡಾರ್ ಕೆಲಸಕ್ಕೆ ಬೇಕಾಗಿದ್ದುದು ಇನ್ನೊಂದು. ಇಪ್ಪತ್ತು ಸಾವಿರ ಸೆಟ್ಟುಗಳು ಒಂದೇ ಕ್ಷಣದಲ್ಲಿ ಬರಿಯ ಪೀಠೋಪಕರಣಗಳಾದವು.

ಪ್ರೇಷಕವು ಮಾತ್ರ ಸುಮ್ಮನಿರಲಿಲ್ಲ. ಜರ್ಮನ್ ಬಾಂಬರ್ ವಿಮಾನಗಳಿಗೆ ಗುರಿಯ ದೂರವನ್ನು ತಿಳಿಸುವ ರೇಡಿಯೋ ವ್ಯವಸ್ಥೆಯೊಂದು ಅಲೆಕ್ಸಾಂಡ್ರಾ ಪ್ಯಾಲೇಸ್‌ನ ತರಂಗಾಂತರಕ್ಕೆ ಸಮೀಪವಾಗಿಯೇ ಕೆಲಸ ಮಾಡುತ್ತಿತ್ತು. 1941ರ ಆರಂಭದಿಂದ ದೂರದರ್ಶನದ ಪ್ರೇಷಕವನ್ನೇ ಬಳಸಿ, ವಿಮಾನದ ಸಂಕೇತಗಳನ್ನು ಮರುಪ್ರಸಾರ ಮಾಡಿ, ಆ ದೂರದ ಅಳತೆಯನ್ನು ತಪ್ಪಿಸಲಾಯಿತು. ಇತ್ತ ಪೈ ಕಂಪನಿಯು 45 ಮೆಗಾಹರ್ಟ್ಸ್‌ನ ಟಿ.ವಿ. ಚಿತ್ರವನ್ನು ಹಿಡಿಯಲೆಂದು ತಯಾರಿಸಿದ್ದ ವರ್ಧಕದ ಭಾಗಗಳು ವಿಮಾನದೊಳಗಿನ ರೇಡಾರ್‌ಗೆ ಹೇಳಿ ಮಾಡಿಸಿದಂತೆ ಒದಗಿದವು. ಮನರಂಜನೆಯ ಸರಕಿಗಾಗಿ ಬೆಳೆದ ಕೌಶಲ ಹೀಗೆ ರಕ್ಷಣೆಗೆ ನೆರವಾಯಿತು. 405 ಗೆರೆಗಳ ಪದ್ಧತಿಯ ಶಿಲ್ಪಿಗಳಲ್ಲೊಬ್ಬರಾದ ಬ್ಲಮ್‌ಲೈನ್ ಅವರು ರೇಡಾರ್ ಪರೀಕ್ಷೆಯ ವೇಳೆ ನಡೆದ ವಿಮಾನ ಅಪಘಾತದಲ್ಲಿ 1942ರ ಜೂನ್ 7ರಂದು ಮಡಿದರು.

ಮುಂದೆ ಸರಿಯಾಗಿ ನಾಲ್ಕು ವರ್ಷಗಳ ತರುವಾಯ, 1946ರ ಜೂನ್ 7ರಂದು, ಕೇಂದ್ರವು ಪುನರಾರಂಭವಾಯಿತು. ನಿಲ್ಲಿಸುವ ಮುನ್ನ ತೋರಿಸಿದ್ದ ಅದೇ ಮಿಕ್ಕಿ ಮೌಸ್ ಚಿತ್ರವನ್ನು ಮತ್ತೆ ತೋರಿಸಲಾಯಿತು. ಒಂದು ವಾರದಲ್ಲಿ, ಜೂನ್ 14ರಂದು, ಬೇರ್ಡ್ ನಿಧನರಾದರು.

ಹಳೆಯ ಮಾನಕದ ಬೆಲೆ

ಪುನರಾರಂಭಕ್ಕೆ ಮುನ್ನ ಲಾರ್ಡ್ ಹ್ಯಾಂಕಿ ಅವರ ಸಮಿತಿಯೊಂದು ಮುಂದಿನ ದಾರಿಯನ್ನು ಪರಿಶೀಲಿಸಿತ್ತು. ಹೆಚ್ಚು ಗೆರೆಗಳ ಹೊಸ ಪದ್ಧತಿಗೆ ಕಾಯುವುದೋ, ಕೈಯಲ್ಲಿರುವ 405 ಗೆರೆಗಳಲ್ಲಿಯೇ ಆರಂಭಿಸುವುದೋ? ಅಮೆರಿಕವು ಅಷ್ಟರಲ್ಲಿ 1941ರಲ್ಲಿಯೇ 525 ಗೆರೆಗಳನ್ನು ನಿಶ್ಚಯಿಸಿಕೊಂಡಿತ್ತು. ಸಮಿತಿಯು ಸದ್ಯಕ್ಕೆ 405 ಗೆರೆಗಳಲ್ಲಿ ಆರಂಭಿಸಿ, ಉತ್ತಮ ಪದ್ಧತಿಗಾಗಿ ಸಂಶೋಧನೆಯನ್ನು ಮುಂದುವರಿಸುವಂತೆ ಸಲಹೆ ನೀಡಿತು. ಪ್ರೇಷಕವೂ ಸೆಟ್ಟುಗಳೂ ಸಿದ್ಧವಿದ್ದುದರಿಂದ ಇದು ಸಹಜವಾದ ತೀರ್ಮಾನ. ಆದರೆ ಈ ‘ಸದ್ಯಕ್ಕೆ’ ಎಂಬುದು ಬಹಳ ದೀರ್ಘವಾಯಿತು.

1946ರಲ್ಲಿ 2 ಪೌಂಡುಗಳ ಸಂಯುಕ್ತ ಪರವಾನಗಿ ಜಾರಿಗೆ ಬಂದಿತು. ಇಂಧನದ ತೀವ್ರ ಅಭಾವದಿಂದ 1947ರ ಫೆಬ್ರವರಿಯಲ್ಲಿ ಪ್ರಸಾರವೇ ಒಂದು ತಿಂಗಳು ನಿಂತಿತು. ಆ ಮಾರ್ಚಿನಲ್ಲಿ ಪರವಾನಗಿಗಳ ಸಂಖ್ಯೆ ಸುಮಾರು 14,500. ಮುಂದೆ ಬೆಳವಣಿಗೆ ರಭಸದಿಂದ ಸಾಗಿತು. 1949ರ ಡಿಸೆಂಬರ್ 17ರಂದು ಬರ್ಮಿಂಗ್‌ಹ್ಯಾಮ್ ಬಳಿಯ ಸಟನ್ ಕೋಲ್ಡ್‌ಫೀಲ್ಡ್ ಪ್ರೇಷಕ ಆರಂಭವಾಗಿ, ದೂರದರ್ಶನ ಲಂಡನ್ನಿನ ಗಡಿ ದಾಟಿತು. 1953ರ ಜೂನ್ 2ರಂದು ಎರಡನೆಯ ಎಲಿಜಬೆತ್ ರಾಣಿಯ ಪಟ್ಟಾಭಿಷೇಕವನ್ನು ಸುಮಾರು 2 ಕೋಟಿ ಜನ ವೀಕ್ಷಿಸಿದರು. ಆ ವೇಳೆಗೆ ಪರವಾನಗಿಗಳು 20 ಲಕ್ಷವನ್ನು ದಾಟಿದ್ದವು.

ಮಾರಾಟವಾದ ಪ್ರತಿಯೊಂದು ಸೆಟ್ಟೂ 405 ಗೆರೆಗಳ ಬೇರನ್ನು ಇನ್ನಷ್ಟು ಆಳಕ್ಕೆ ಇಳಿಸಿತು. ಯೂರೋಪಿನ ಹೆಚ್ಚಿನ ದೇಶಗಳು 625 ಗೆರೆಗಳನ್ನು ಆರಿಸಿಕೊಂಡವು. 1959ರ ಸೆಪ್ಟೆಂಬರಿನಲ್ಲಿ ದೆಹಲಿಯಲ್ಲಿ ಪ್ರಾಯೋಗಿಕ ದೂರದರ್ಶನವನ್ನು ಆರಂಭಿಸಿದ ಭಾರತವೂ, ಆಡಳಿತದ ಅನೇಕ ಪದ್ಧತಿಗಳನ್ನು ಬ್ರಿಟನ್ನಿನಿಂದಲೇ ಪಡೆದಿದ್ದರೂ, ಈ ವಿಷಯದಲ್ಲಿ 625 ಗೆರೆಗಳ ಹಾದಿಯನ್ನೇ ಹಿಡಿಯಿತು. 1981ರಲ್ಲಿ ಬೆಂಗಳೂರಿನ ಕೇಂದ್ರ ಆರಂಭವಾದಾಗಲೂ ಅದೇ ಮಾನಕ. ತಡವಾಗಿ ಬಂದವರಿಗೆ ಆಯ್ಕೆಯ ಸ್ವಾತಂತ್ರ್ಯವಿತ್ತು. ಮೊದಲು ಬಂದವರಿಗೆ ಹಳೆಯ ಗ್ರಾಹಕರ ಋಣವಿತ್ತು. 1964ರ ಏಪ್ರಿಲಿನಲ್ಲಿ ಬಿ.ಬಿ.ಸಿ. ತನ್ನ ಎರಡನೆಯ ವಾಹಿನಿಯನ್ನು 625 ಗೆರೆಗಳಲ್ಲಿ ಆರಂಭಿಸಿತಾದರೂ ಹಳೆಯ ಸೆಟ್ಟುಗಳಿಗಾಗಿ 405 ಗೆರೆಗಳ ಪ್ರಸಾರವನ್ನು ಸಮಾನಾಂತರವಾಗಿ ನಡೆಸಲೇಬೇಕಾಯಿತು. ಗೋಡೆಯ ಮೇಲಿನ ಎರಡು ಆಂಟೆನಾ, ಸೆಟ್ಟಿನೊಳಗಿನ ಎರಡು ಬಗೆಯ ಸರ್ಕ್ಯೂಟು ಹೀಗೆ 1936ರ ಎರಡು ಪದ್ಧತಿಗಳ ಸೆಟ್ಟು ಮತ್ತೊಮ್ಮೆ ಅಂಗಡಿಗೆ ಬಂದಂತಾಯಿತು. 405 ಗೆರೆಗಳ ಕೊನೆಯ ಪ್ರೇಷಕಗಳು ಮುಚ್ಚಿದ್ದು 1985ರ ಜನವರಿಯಲ್ಲಿ.

ಅಲೆಕ್ಸಾಂಡ್ರಾ ಪ್ಯಾಲೇಸ್ ಕೇಂದ್ರದ ಪ್ರೇಷಕ ಅದಕ್ಕೆ ಬಹಳ ಮುಂಚೆಯೇ ವಿಶ್ರಾಂತಿ ಪಡೆದಿತ್ತು. 1956ರ ಮಾರ್ಚಿನಲ್ಲಿ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ, ಬೇರ್ಡ್ ಪ್ರಯೋಗಾಲಯಗಳು ಸುಟ್ಟುಹೋದ ಆ ಆವರಣದಲ್ಲಿಯೇ, ಎತ್ತರದ ಹೊಸ ಪ್ರೇಷಕವು ಲಂಡನ್ನಿನ ಹೊಣೆಯನ್ನು ವಹಿಸಿಕೊಂಡಿತು. ಹಳೆಯ ಸ್ಟುಡಿಯೋಗಳಿಂದ 1954ರಿಂದ 1969ರವರೆಗೆ ಬಿ.ಬಿ.ಸಿ.ಯ ಟಿ.ವಿ. ವಾರ್ತೆಗಳು ಹೊರಬಿದ್ದವು, ಅನಂತರ 1981ರವರೆಗೆ ಮುಕ್ತ ವಿಶ್ವವಿದ್ಯಾಲಯದ ಪಾಠಗಳು ಅಲ್ಲಿ ಸಿದ್ಧವಾಗುತ್ತಿದ್ದವು. 1980ರ ಜುಲೈ 10ರಂದು ಕಟ್ಟಡಕ್ಕೆ ಮತ್ತೊಮ್ಮೆ ಬೆಂಕಿ ಬಿದ್ದು ದೊಡ್ಡ ಭಾಗ ನಾಶವಾಯಿತು. ಪೂರ್ವದ ಮೂಲೆಯಲ್ಲಿದ್ದ ಸ್ಟುಡಿಯೋಗಳೂ ಉಕ್ಕಿನ ಕಂಬವೂ ಉಳಿದುಕೊಂಡವು.